ಒಂದು ಕೈಯಲ್ಲಿ ಓದುವ ಹಾಳೆ

ಅಪ್ಪ ಮೊದಲ ಸಲ "ಇವತ್ತ ಬ್ಯಾಡ" ಎಂದದ್ದು ಒಂದು ಗುರುವಾರ. ಡೈರಿಯಲ್ಲಿ ಆ ದಿನದ ಕೆಳಗೆ ನಾನು ಬರೆದದ್ದು ಇಷ್ಟೇ: ನೀರು ನಾಲ್ಕು ಲೋಟ. ಆಸ್ಪತ್ರೆಗೆ ಹೋಗಲಿಲ್ಲ.

ಅವನ ಎರಡೂ ಕಿಡ್ನಿಗಳು ಕೆಲಸ ಬಿಟ್ಟು ವರ್ಷ ದಾಟಿತ್ತು. ಸೋಮವಾರ, ಗುರುವಾರ ಬೆಳಿಗ್ಗೆ ಹೊಸಪೇಟೆಯ ಆಸ್ಪತ್ರೆಯಲ್ಲಿ ನಾಲ್ಕು ತಾಸು ಡಯಾಲಿಸಿಸ್ ಆಗಬೇಕು. ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿ ಎದೆಗೆ ಏರುತ್ತದೆ, ಆಮೇಲೆ ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಅಪ್ಪ, ಅವ್ವ, ನಾನು ಮೂವರನ್ನೂ ಕೂಡಿಸಿಕೊಂಡು ಹೇಳಿದ್ದರು. ಅಂದಿನಿಂದ ಅವನು ಕುಡಿದ ನೀರು, ಮಷಿನ್ನಿಗೆ ಹಾಕುವ ಮೊದಲಿನ ತೂಕ, ಇಳಿಸಿದ ಮೇಲಿನ ತೂಕ ಎಲ್ಲವನ್ನೂ ಬರೆದಿಡುತ್ತಿದ್ದೆ. ಬರೆದಿಡುವುದು ನನಗೆ ಚಿಕ್ಕಂದಿನ ಚಾಳಿ. ಶಾಲೆಯಲ್ಲಿದ್ದಾಗ ಮಳೆ ಬಂದ ದಿನಗಳನ್ನು ಒಂದು ಕಡೆ, ನಲ್ಲಿ ಬಂದ ದಿನಗಳನ್ನು ಇನ್ನೊಂದು ಕಡೆ ಬರೆಯುತ್ತಿದ್ದೆ. ಅದರಿಂದ ಮಳೆಯೂ ಹೆಚ್ಚು ಬರಲಿಲ್ಲ, ನಲ್ಲಿಯೂ ಬರಲಿಲ್ಲ.

"ಯಾಕ ಬ್ಯಾಡ?" ಎಂದು ಅವ್ವ ಕೇಳಿದಳು. ಖಾನಾವಳಿಗೆ ಕೊಡುವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ವಾರ್ಡಿನ ಮಾಡು ನೋಡಿ ನೋಡಿ ಸಾಕಾಗೈತಿ. ನಾಕ್ ತಾಸು. ಮ್ಯಾಲೆ ಒಂದು ಫ್ಯಾನು, ಎ.ಸಿ. ಐತಂತ ಅದನ್ನೂ ತಿರುಗಸಂಗಿಲ್ಲ."

"ಫ್ಯಾನ್ ತಿರುಗಲಿಲ್ಲಂತ ಯಾರರ ಜೀವಾ ಬಿಡ್ತಾರೇನು?"

"ಬಿಡ್ತಾರ."

ಅವ್ವನ ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಮರುದಿನ ಅವನ ಕಾಲು ಊದಿ ಚಪ್ಪಲಿ ಹಿಡಿಸದೆ ಹೋದಾಗ, ಆಟೊದಲ್ಲಿ ಎತ್ತಿ ಕೂಡಿಸಿಕೊಂಡು ಹೋದೆವು. ಆ ಸಲ ಬಂದ. ಮುಂದಿನ ಸಲ ಬರುತ್ತಾನೋ ಇಲ್ಲವೋ ಎಂಬುದು ಆ ದಿನದಿಂದ ನಮ್ಮ ಮನೆಯಲ್ಲಿ ಬಾಯಿಬಿಟ್ಟು ಯಾರೂ ಕೇಳದ ಪ್ರಶ್ನೆಯಾಯಿತು.

ನನಗೆ ತೋರಣಗಲ್ಲಿನಲ್ಲಿ ಒಬ್ಬ ಗುತ್ತಿಗೆದಾರರ ಕಚೇರಿಯಲ್ಲಿ ಕೆಲಸಗಾರರ ಹಾಜರಿಯನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ಮಧ್ಯಾಹ್ನದ ಪಾಳಿ. ಹಾಗಾಗಿ ಬೆಳಿಗ್ಗೆ ಅಪ್ಪನ ಜೊತೆ ವಾರ್ಡಿಗೆ ಹೋಗುವುದು ನನ್ನ ಪಾಲಿಗೆ ಬಂದಿತ್ತು. ಅವನಿಗೆ ಓದುವ ಹುಚ್ಚು. ಸಂಡೂರಿನ ಗುಡ್ಡದಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ ಕಾಲದಲ್ಲಿ, ಲೋಡಿಂಗಿಗೆ ಪಾಳಿ ಕಾಯುವಾಗ ಚಹಾದಂಗಡಿಯ ಪೇಪರನ್ನು ಉಳಿದ ಡ್ರೈವರುಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. ಅದಕ್ಕೇ ಒಂದು ಸೋಮವಾರ ಪೇಪರು ಕೊಂಡು ಹೋದೆ. ಸೂಜಿ ಚುಚ್ಚಿದ ಕೈಯನ್ನು ನಾಲ್ಕು ತಾಸು ಅಲುಗಿಸುವಂತಿಲ್ಲ. ಉಳಿದ ಒಂದು ಕೈಯಲ್ಲಿ ಅವನು ಪೇಪರು ಬಿಡಿಸಲು ಹೋದರೆ ಅದು ಮಡಚಿ ಮುಖದ ಮೇಲೆ ಬಿತ್ತು. ಎರಡು ಸಲ ಸರಿಮಾಡಿಕೊಟ್ಟೆ. ಮೂರನೆಯ ಸಲ ಅವನೇ ಅದನ್ನು ಕೆಳಗೆ ಬೀಳಲು ಬಿಟ್ಟ. ಮೊಬೈಲಿನ ಅಕ್ಷರ ಅವನ ಕಣ್ಣಿಗೆ ಕಾಣುವುದಿಲ್ಲ; ಸಕ್ಕರೆ ಕಾಯಿಲೆ ಕಿಡ್ನಿಗಿಂತ ಮೊದಲು ಕಣ್ಣಿಗೆ ಬಂದಿತ್ತು.

ಅಂದು ವಾರ್ಡನ್ನು ಒಂದು ಸುತ್ತು ನೋಡಿದೆ. ಎಲ್ಲ ಹಾಸಿಗೆಯಲ್ಲೂ ಒಂದು ಕೈ ಕಟ್ಟಿಹಾಕಿದ ಹಾಗೆ ನೇರವಾಗಿತ್ತು, ಇನ್ನೊಂದು ಸುಮ್ಮನೆ ಹೊಟ್ಟೆಯ ಮೇಲಿತ್ತು. ಆ ಸುಮ್ಮನಿದ್ದ ಕೈಗಳನ್ನು ನೋಡಿದಾಗಲೇ ಹಾಳೆಯ ಯೋಚನೆ ಬಂದದ್ದು: ಒಂದು ಕೈಯಲ್ಲಿ ಹಿಡಿದು, ಆ ಕೈಯ ಹೆಬ್ಬೆರಳಿನಿಂದಲೇ ತೆರೆಯುವಂಥದ್ದು.

ಮನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ಪತ್ರ ಟೈಪ್ ಮಾಡುವ ಸಾದಾ ತಂತ್ರಾಂಶ, ಪುಕ್ಕಟೆ ಸಿಗುವಂಥದ್ದು. ಪತ್ರಿಕೆ ಮಾಡುವವರಿಗೆ ಬೇರೆ ತಂತ್ರಾಂಶಗಳಿವೆ ಎಂದು ಗೊತ್ತಿತ್ತು, ಅವುಗಳಿಗೆ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಎ-ಫೋರ್ ಹಾಳೆಯನ್ನು ಅಡ್ಡ ಮಾಡಿ ಮೂರು ಕಾಲಮ್ ಇಟ್ಟೆ. ಎರಡೂ ಮಗ್ಗುಲು ಸೇರಿ ಆರು ಪುಟ. ಮೂರಾಗಿ ಮಡಚಿದರೆ ಅಂಗೈಗಿಂತ ಸ್ವಲ್ಪ ಅಗಲ. ಅಕ್ಷರ ದೊಡ್ಡದಿರಬೇಕು, ದೊಡ್ಡದಾದರೆ ಮಾತು ಹಿಡಿಸುವುದಿಲ್ಲ. ಮಾತು ಹಿಡಿಸಲೆಂದು ಸಾಲುಗಳನ್ನು ಹತ್ತಿರ ಹತ್ತಿರ ತಂದರೆ ಒತ್ತಕ್ಷರಗಳ ಕಾಲು ಕತ್ತರಿಸಿ ಹೋದವು. ಸಾಲು ದೂರ ಮಾಡಿ ಮಾತನ್ನೇ ಕಡಿಮೆ ಮಾಡಿದೆ. ಪುಟಕ್ಕೆ ಅರವತ್ತು ಪದ ಮೀರಬಾರದು ಎಂದು ಡೈರಿಯಲ್ಲಿ ಬರೆದುಕೊಂಡೆ. ಅರವತ್ತು ಪದದಲ್ಲಿ ಸುಳ್ಳು ಹೇಳುವುದೂ ಕಷ್ಟ ಎಂಬುದು ಆಮೇಲೆ ತಿಳಿಯಿತು.

ಜೆರಾಕ್ಸ್ ಅಂಗಡಿಯಲ್ಲಿ ಮೊದಲ ಪ್ರತಿ ತೆಗೆದಾಗ ಹಿಂದಿನ ಮಗ್ಗುಲು ತಲೆಕೆಳಗಾಗಿ ಬಂತು. ಅಂಗಡಿಯ ಅಣ್ಣ ಅದನ್ನು ಸರಿಮಾಡಿ ಹಾಳೆಯನ್ನು ಗಾಳಿಯಲ್ಲಿ ಹಿಡಿದ. ಅದು ಬಾಳೆ ಎಲೆಯ ತುದಿಯ ಹಾಗೆ ಬಾಗಿತು.

"ಇದು ಒಂದು ಕೈಯಾಗ ನಿಂದ್ರಂಗಿಲ್ಲ ತಂಗಿ. ದಪ್ಪ ಹಾಳಿ ಬೇಕು."

"ದಪ್ಪದ್ದು ದುಬಾರಿ ಅಲ್ಲೇನಣ್ಣ?"

"ಹೊಸಾದು ದುಬಾರಿ. ಲಗ್ನಪತ್ರಿಕಿ ಕತ್ತರಿಸಿ ಉಳಿದದ್ದು ಐತಿ ನೋಡು, ಮೂಲ್ಯಾಗ ಬಿದ್ದೈತಿ. ಹಳದಿ. ಕೇಳೋರಿಲ್ಲ."

ಹೀಗೆ ನಮ್ಮ ಹಾಳೆ ಮದುವೆಯ ಕಾಗದದ ಮೇಲೆ ಅಚ್ಚಾಯಿತು. ಒಂದೆರಡು ಹಾಳೆಯ ಅಂಚಿನಲ್ಲಿ ಚಿನ್ನದ ಬಣ್ಣದ ಗೀರೂ ಇತ್ತು. ಕಾಗದ ಹೆಚ್ಚು ಕಡಿಮೆ ಪುಕ್ಕಟೆ ಬಂತು. ಅಚ್ಚಿನ ಖರ್ಚಿಗೆ ನನ್ನ ಸಂಜೆಯ ಚಹಾ, ಮಿರ್ಚಿ ಬಿಟ್ಟ ದುಡ್ಡು ಸಾಕಾಯಿತು.

ಸಿಸ್ಟರ್ ಮೊದಲು ಓದಿ, ಔಷಧದ ಮಾತು ಏನೂ ಇಲ್ಲವೆಂದು ಖಚಿತ ಮಾಡಿಕೊಂಡು ಹಂಚಲು ಬಿಟ್ಟರು. ಅಪ್ಪನ ಪಕ್ಕದ ಹಾಸಿಗೆಯಲ್ಲಿ ಕಂಪ್ಲಿಯ ಹೆಂಗಸೊಬ್ಬರು ಮಲಗುತ್ತಿದ್ದರು. ಅವರ ಮನೆಯವರದು ಅಕ್ಕಿ ಗಿರಣಿ. ಅಪ್ಪ ಅವರನ್ನು ಮಿಲ್ಲಿನವ್ವ ಎನ್ನುತ್ತಿದ್ದ, ಅವರು ಅವನನ್ನು ಡ್ರೈವರಪ್ಪ ಎನ್ನುತ್ತಿದ್ದರು. ಹಳದಿ ಕಾಗದ ಕೈಗೆ ಬಂದ ಕೂಡಲೇ ಅವರು ಕೂಗಿದರು:

"ಯಾರ ಲಗ್ನನಬೇ ಇದು? ಊಟಕ್ಕ ಕುಂತ್ರ ನೀರು ಕುಡಿಸ್ತಾರೇನು?"

ವಾರ್ಡಿನಲ್ಲಿ ನಗು ಎದ್ದಿತು. ನೀರು ಅಳೆದು ಕುಡಿಯುವವರ ನಗು ಒಣಗಿರುತ್ತದೆ, ಬೇಗ ಮುಗಿಯುತ್ತದೆ. ಆಚೆ ಹಾಸಿಗೆಯಲ್ಲಿ ಹಂಪಿಯ ಗೈಡ್ ಒಬ್ಬರಿದ್ದರು, ಅಪ್ಪನಿಗಿಂತ ಹಿರಿಯರು. ನಾನು ಮಾವ ಎನ್ನುತ್ತಿದ್ದೆ. ಅವರು ಹಾಳೆಯನ್ನು ಬಲಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮೇಲಿನ ಮಡಿಕೆಯನ್ನು ಎತ್ತಿದರು. ಅದು ತಾನೇ ತೆರೆದುಕೊಂಡಿತು. "ಮಸ್ತ್ ಐತವ್ವ," ಎಂದರು. ಒಬ್ಬೊಬ್ಬರಾಗಿ ಎಲ್ಲರೂ ತೆರೆದರು. ನಾನು ಮನಸ್ಸಿನಲ್ಲಿ ಲೆಕ್ಕ ಇಡುತ್ತಾ ಹೋಗಿ ಅಪ್ಪನ ಹಾಸಿಗೆಗೆ ಬಂದಾಗ ಲೆಕ್ಕ ನಿಂತಿತು. ಅವನ ಹಾಳೆ ಮುಚ್ಚಿಕೊಂಡೇ ಎದೆಯ ಮೇಲಿತ್ತು.

"ಓದ್ತೀನಿ, ಓದ್ತೀನಿ," ಎಂದ.

ಎಲ್ಲರಿಗೂ ಸೂಜಿ ಎಡಗೈಗೆ. ಅಪ್ಪನ ಎಡಗೈಯ ರಕ್ತನಾಳ ಮೊದಲ ವರ್ಷವೇ ಕಟ್ಟಿಹೋಗಿ, ಬಲಗೈಗೆ ಬದಲಾಯಿಸಿದ್ದರು. ನಾನು ಹಾಳೆ ಮಡಚಿದ್ದು ಬಲಗೈ ಖಾಲಿ ಇರುವವರಿಗೆ. ಅವನು ಎಡಗೈಯ ಹೆಬ್ಬೆರಳಿನಿಂದ ಎತ್ತಿದರೆ ಸಿಗುತ್ತಿದ್ದುದು ಮಡಿಕೆಯ ಬೆನ್ನು, ತೆರೆಯುವ ಅಂಚಲ್ಲ. ಯಾರಿಗೋಸ್ಕರ ಮಾಡಿದ್ದೆನೋ ಅವನೊಬ್ಬನಿಗೇ ಅದು ತೆರೆಯಲಿಲ್ಲ. ಸಿಸ್ಟರನ್ನು ಕರೆದು ತೆರೆಸಿಕೊಳ್ಳುವ ಜಾತಿಯೂ ಅವನದಲ್ಲ.

ಮನೆಗೆ ಬಂದು ಅದೇ ಫೈಲಿಗೆ ಬೇರೆ ಹೆಸರು ಕೊಟ್ಟು ಇನ್ನೊಂದು ಮಾಡಿದೆ. ಬಲಗಡೆಯ ಕಾಲಮ್ಮಿನಲ್ಲಿದ್ದ ಮುಖಪುಟ ಎಡಕ್ಕೆ ಬಂತು, ಎಡಗಡೆಯದು ಬಲಕ್ಕೆ. ಮಡಚಿದರೆ ಉರ್ದು ಪುಸ್ತಕದ ಹಾಗೆ ಉಲ್ಟಾ ತೆರೆಯುತ್ತಿತ್ತು. ಅಂಗಡಿಯ ಅಣ್ಣನಿಗೆ ಕಾರಣ ಹೇಳಿದೆ. ಅಂದಿನಿಂದ ಪ್ರತಿ ಸಲವೂ ಎಲ್ಲರದು ಒಂದು ಕಟ್ಟು, ಉಲ್ಟಾದ್ದು ಒಂದೇ ಪ್ರತಿ. ಗುರುವಾರ ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು ತೆರೆದ, ಮುಚ್ಚಿದ, ಮತ್ತೆ ತೆರೆದ. ಲಾರಿಯ ಬಾಗಿಲಿನ ಹಿಡಿ ಪರೀಕ್ಷಿಸುವವನ ಹಾಗೆ.

ಹೆಸರು ಇಟ್ಟವರು ಮಿಲ್ಲಿನವ್ವ. "ನಾಕ್ ತಾಸು ಅಂತ ಇಡು. ಮತ್ತೇನೈತಿ ನಮ್ಮ ಹತ್ರ?" ಹಾಗೇ ಇಟ್ಟೆ.

ಹದಿನೈದು ದಿನಕ್ಕೊಂದು ಹಾಳೆ. ಒಂದು ಪುಟದಲ್ಲಿ ಕಂಪ್ಲಿ, ಸಂಡೂರು, ಕುರೆಕುಪ್ಪಕ್ಕೆ ಹಿಂದಿರುಗುವ ಬಸ್ಸುಗಳ ಹೊತ್ತು. ಒಂದರಲ್ಲಿ ಅವ್ವ ಹೇಳಿದ ಉಪ್ಪಿಲ್ಲದ ಅಡುಗೆ. ಅದನ್ನು ಓದಿ ಎಲ್ಲರೂ ಅವ್ವನಿಗೆ ಶಾಪ ಹಾಕುತ್ತಿದ್ದರು. ಒಂದು ಪುಟ ಗೈಡ್ ಮಾವನದು. "ನೂರು ಸಲ ಹೇಳಿದ ಕಥೀನ ಮೂರು ಬೆರಳು ಜಾಗದಾಗ ಬರಿ ಅಂದ್ರ ಹೆಂಗವ್ವ?" ಎಂದು ಗೊಣಗುತ್ತಲೇ ಹೇಳುತ್ತಿದ್ದರು. ಹಂಪಿಯ ಬಂಡೆಗಳನ್ನು ಹೀಗೆ ಒಂದರ ಮೇಲೊಂದು ಯಾರು ಇಟ್ಟರು ಎಂದು ಒಬ್ಬ ಪ್ರವಾಸಿ ಕೇಳಿದನಂತೆ. "ಕಲ್ಲು ದೇವ್ರು ಇಟ್ಟ, ಟಿಕೀಟು ನಾವು ಇಟ್ವಿ ಅಂದೆ." ಅದು ಅವರ ಮೊದಲ ಬರಹ.

ಕೊನೆಯ ಪುಟ ಖಾಲಿ ಉಳಿಯುತ್ತಿತ್ತು. ಒಂದು ಭಾನುವಾರ ಅಪ್ಪನನ್ನು ಕೇಳಿದೆ.

"ನಾ ಏನ್ ಹೇಳ್ಲಿ? ನನಗ ದಾರಿ ಬಿಟ್ರ ಏನ್ ಗೊತ್ತೈತಿ?"

"ದಾರೀನ ಹೇಳು."

ಅವನು ಗೋಡೆಗೆ ಒರಗಿ, ಎಡಗೈಯನ್ನು ಗೇರಿನ ಮೇಲೆ ಇಟ್ಟ ಹಾಗೆ ತೊಡೆಯ ಮೇಲಿಟ್ಟ. "ಬರಕೊ. ಲೋಡ್ ಗಾಡಿ ಗುಡ್ಡ ಇಳಿಯುವಾಗ ಬ್ರೇಕ್ ನಂಬಬಾರ್ದು. ಯಾವ ಗೇರಿನಾಗ ಹತ್ತತಿ, ಅದ ಗೇರಿನಾಗ ಇಳೀಬೇಕು."

ಸಂಡೂರಿನ ಗುಡ್ಡದಿಂದ ಹೊಸಪೇಟೆಯ ಕಡೆಗೆ ಇಳಿಯುವ ದಾರಿಯಲ್ಲಿ ಪ್ರತಿ ತಿರುವಿಗೂ ಲಾರಿಯವರು ತಮ್ಮ ತಮ್ಮಲ್ಲೇ ಒಂದೊಂದು ಹೆಸರು ಇಟ್ಟಿದ್ದರು. ಯಾವ ಬೋರ್ಡಿನ ಮೇಲೂ ಇಲ್ಲದ ಹೆಸರುಗಳು. ಹಾಳೆಗೊಂದು ತಿರುವು ಎಂದು ಅಪ್ಪ ಹೇಳುತ್ತಾ ಬಂದ. ಹಾಲಿನ ವ್ಯಾನು ಮಗುಚಿದ ಜಾಗ ಹಾಲಿನ ತಿರುವು. ಎರಡು ದಿನ ಸುತ್ತಲ ಊರಿನ ನಾಯಿಗಳು ಮನೆಗೆ ಹೋಗಲಿಲ್ಲ. ಎಷ್ಟು ಬಗ್ಗಿದರೂ ಅತ್ತೆಯ ಹಾಗೆ ಸಾಲದೆನ್ನುವುದು ಅತ್ತಿ ತಿರುವು.

"ಡ್ರೈವರಪ್ಪ, ನಿಮ್ಮ ಅತ್ತಿ ತಿರುವಿಗೆ ನನ್ನ ಸೊಸೀನ್ನ ಒಂದ್ಸಲ ಕರಕೊಂಡು ಹೋಗ್ರಿ," ಎಂದರು ಮಿಲ್ಲಿನವ್ವ.

"ಯಾಕ್ರಿ?"

"ಬಗ್ಗೂದು ಕಲೀಲಿ."

"ಆ ತಿರುವಿನಾಗ ಬಗ್ಗೂದು ಸೊಸಿ ಅಲ್ರಿ, ಗಾಡಿ. ಅತ್ತಿ ಅಲ್ಲೇ ಕಲ್ಲಿನಂಗ ಕುಂತಿರ್ತಾಳ."

ಮುಂದಿನ ತಿರುವು ಯಾವುದೆಂದು ಜನ ಕೇಳತೊಡಗಿದರು. ಸೋಮವಾರ ಅಪ್ಪ ತಾನಾಗಿ ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದ. ಅವನು ಖುಷಿಯಾಗಿದ್ದ ಎಂದು ಬರೆದರೆ ಸುಳ್ಳಾಗುತ್ತದೆ. ಮೈ ಕಡಿಯುತ್ತಿತ್ತು, ರಾತ್ರಿ ನಿದ್ದೆ ಇರುತ್ತಿರಲಿಲ್ಲ, ತೂಕದ ಲೆಕ್ಕ ಯಾವತ್ತೂ ಡಾಕ್ಟರು ಹೇಳಿದ ಹಾಗೆ ಬರುತ್ತಿರಲಿಲ್ಲ. ಆದರೆ ಹೋಗುತ್ತಿದ್ದ. ನನಗೆ ಅಷ್ಟು ಬೇಕಾಗಿತ್ತು.

ಆಗ ನನಗೆ ಇನ್ನೊಂದು ಚಿಂತೆ ಹಿಡಿಯಿತು. ತಿರುವುಗಳು ಮುಗಿದರೆ? ಒಂದು ರಜೆಯ ದಿನ, ಸಂಡೂರಿನಲ್ಲಿ ಗೆಳತಿಯ ಮನೆಗೆ ಎಂದು ಅವ್ವನಿಗೆ ಹೇಳಿ ಬಸ್ಸು ಹತ್ತಿದೆ. ಹೋಗುವಾಗ ಸುಮ್ಮನೆ ನೋಡಿದೆ. ಬರುವಾಗ ಕಿಟಕಿಯ ಪಕ್ಕ ಕುಳಿತು, ಬಸ್ಸು ಹೊರಳಿದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಹಾಕಿದೆ, ಐದಕ್ಕೊಂದು ಅಡ್ಡಗೀಟು. ರಸ್ತೆಯ ಬದಿಯ ಗಿಡಗಳೆಲ್ಲ ಅದಿರಿನ ಕೆಂಪು ಧೂಳು ಹೊದ್ದು ನಿಂತಿದ್ದವು. ಪಕ್ಕದಲ್ಲಿ ಕುಳಿತ ಮುದುಕಿ, "ಏನ್ ಬರ್ಯಾಕತ್ತೀಬೇ, ಗೌರ್ಮೆಂಟಿನಾಕಿ ಏನು?" ಎಂದಳು. ಇಲ್ಲ ಎಂದೆ. ಹಾಳೆಗೊಂದು ತಿರುವಾದರೆ, ಉಳಿದವು ಇನ್ನೂ ಒಂದು ವರ್ಷಕ್ಕೆ ಮೀರಿ ಬರುತ್ತಿದ್ದವು. ಹೊಸಪೇಟೆಯಲ್ಲಿ ಇಳಿದು ಮನೆಗೆ ನಡೆದು ಹೋಗುವಾಗ, ಬ್ಯಾಗಿನಲ್ಲಿ ಏನೋ ಗಟ್ಟಿಯಾದದ್ದು ಇದೆ ಎನ್ನಿಸಿತು. ಯಾರಿಗೂ ಹೇಳಲಿಲ್ಲ.

ಮಳೆಗಾಲದ ಒಂದು ಸೋಮವಾರ ಗೈಡ್ ಮಾವನ ಹಾಸಿಗೆಯಲ್ಲಿ ಬೇರೆಯವರು ಮಲಗಿದ್ದರು. ವಾರ್ಡಿನಲ್ಲಿ ಒಂದು ರೂಢಿಯಿದೆ, ಯಾರೂ ಕಲಿಸಿದ್ದಲ್ಲ. ಬಾರದವರ ಬಗ್ಗೆ ಒಂದು ಸಲ ಕೇಳುತ್ತಾರೆ, ಎರಡನೆಯ ಸಲ ಕೇಳುವುದಿಲ್ಲ. ಮಿಲ್ಲಿನವ್ವ ಸಿಸ್ಟರನ್ನು ಕೇಳಿದರು, "ಹಂಪಿಯವ್ರು ಬಂದಿಲ್ಲೇನ್ರಿ?" ಸಿಸ್ಟರ್ ಬಿ.ಪಿ. ಪಟ್ಟಿ ಕಟ್ಟುತ್ತಾ "ಇಲ್ರಿ" ಎಂದರು. ಅಷ್ಟೇ. ಎಲ್ಲರೂ ಮಾಡು ನೋಡಿದರು.

ಅವರ ಪುಟಕ್ಕೆ ಏನು ಹಾಕಲಿ ಎಂದು ಗುರುವಾರ ಹೊರಗೆ ಸಿಸ್ಟರನ್ನು ಕೇಳಿದೆ. ನಾಲ್ಕು ಸಾಲಿನ ಶ್ರದ್ಧಾಂಜಲಿ ಟೈಪ್ ಮಾಡಿ ಇಟ್ಟುಕೊಂಡಿದ್ದೆ, ಅದನ್ನೂ ಹೇಳಿದೆ.

"ಬ್ಯಾಡಮ್ಮ," ಎಂದರು ಅವರು. "ಇಲ್ಲಿ ಸೂಜಿ ಹಾಕಿಸಿಕೊಂಡು ಮಲಗಿ ಅದನ್ನ ಓದಬೇಕೇನು ಉಳಿದವರು?"

ಮನೆಗೆ ಹೋಗಿ ಆ ನಾಲ್ಕು ಸಾಲು ಅಳಿಸಿ, ಬಸ್ಸಿನ ಹೊತ್ತುಗಳನ್ನೇ ದೊಡ್ಡ ಅಕ್ಷರದಲ್ಲಿ ಎರಡು ಪುಟಕ್ಕೆ ಹರಡಿದೆ. ಆ ಪುಟ ಬಂದಾಗ ಎಲ್ಲರ ಹೆಬ್ಬೆರಳುಗಳು ಬೇಗ ಬೇಗ ಸರಿದುದನ್ನು ಕಂಡೆ.

ಆ ಹಾಳೆ ಹಂಚಿದ ನಂತರದ ಭಾನುವಾರ ಅಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಹಿಂದಿನ ಹಾಳೆಯಲ್ಲಿ ಅಳಿಯನ ತಿರುವು ಆಗಿತ್ತು; ಅಲ್ಲಿ ಏರಿ ಬರುವ ಗಾಡಿಗೆ ಇಳಿಯುವವನು ನಿಂತು ಮರ್ಯಾದೆ ಕೊಡಬೇಕು.

"ಮುಂದಿಂದು?"

"ಬರಕೊ. ಅಳಿಯನ ತಿರುವು ದಾಟಿದ್ವಿ. ಅಲ್ಲಿಂದ ಸೀದಾ ಹೊಸಪೇಟಿ."

ನನ್ನ ಕೈ ನಿಂತಿತು. "ಅಪ್ಪ, ನಡುವ ಇನ್ನೂ ಭಾಳ ತಿರುವು ಅದಾವು."

"ನಿನಗ ಹೆಂಗ ಗೊತ್ತು?"

ಹೇಳಿದೆ. ಬಸ್ಸು, ಕಿಟಕಿ, ಗೀಟು ಎಲ್ಲ. ಅವನು ನಕ್ಕ. ಬಹಳ ದಿನದ ಮೇಲೆ ಹೊಟ್ಟೆ ಅಲುಗುವ ಹಾಗೆ ನಕ್ಕು, ಕೆಮ್ಮು ಬಂದು, ಸುಧಾರಿಸಿಕೊಂಡ.

"ಎಣಿಸಿ ಬಂದೀ?"

"ಹೂಂ."

"ಎಷ್ಟು ಅದಾವು?"

ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಬೆರಳು ಆಡಿಸುತ್ತಾ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾ ಹೋದ.

"ಎರಡು ಬಿಟ್ಟೀ," ಎಂದ. "ಬಸ್ಸಿನಾಗ ಕುಂತವ್ರಿಗೆ ಅವು ತಿಳಿಯಂಗಿಲ್ಲ. ಲೋಡ್ ಇದ್ರನ ತಿಳೀತಾವು."

"ಹಂಗಾದ್ರ ಅವನ್ನ ಹೇಳು."

"ಬ್ಯಾಡ ಯವ್ವ. ನೀ ಬರಿ. ಸೀದಾ ಹೊಸಪೇಟಿ."

ಬರೆದೆ. ಆ ಪುಟ ಅರವತ್ತು ಪದಕ್ಕೆ ಎಲ್ಲೋ ಹಿಂದೆಯೇ ನಿಂತಿತು. ಕೆಳಗೆ ಅರ್ಧಕ್ಕಿಂತ ಹೆಚ್ಚು ಜಾಗ ಹಾಗೇ ಉಳಿಯಿತು. ನಾನು ಅದನ್ನು ತುಂಬಲು ಹೋಗಲಿಲ್ಲ.

ಆ ವಾರ ಅವನ ಬಲಗೈ ಮೊಣಕೈವರೆಗೆ ಊದಿಕೊಂಡಿತು. ಈ ಕೈಯೂ ಇನ್ನು ಬರುವುದಿಲ್ಲ, ಸದ್ಯಕ್ಕೆ ಕುತ್ತಿಗೆಯಲ್ಲಿ ನಳಿಗೆ ಇಡೋಣ, ಆಮೇಲೆ ಬಳ್ಳಾರಿಗೆ ಹೋಗಿ ಸೂಜಿಗೆ ಹೊಸ ಜಾಗ ಮಾಡಿಸಿಕೊಂಡು ಬನ್ನಿ ಎಂದರು ಡಾಕ್ಟರು. ಅಪ್ಪ ಅವರ ಎದುರು ತಲೆಯಾಡಿಸಿದ. ಮನೆಗೆ ಬಂದು ಅವ್ವನಿಗೆ ಹೇಳಿದ: "ಇನ್ನ ಹೋಗಂಗಿಲ್ಲ."

"ನೀ ಒಲ್ಲೆ ಅಂದುಬಿಟ್ರ ಮುಗೀತೇನು?" ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ನಿನ್ನ ನೋಡಿ ನಾ ಇಷ್ಟು ದಿನಾ ಉಪ್ಪು ಬಿಟ್ಟೀನಿ. ಮನ್ಯಾಗ ಚಮಚಾ ಹಿಡಿದು ನೀರು ಅಳದೀನಿ. ಈಗ ಆರಾಮ ಹೋಗಂಗಿಲ್ಲ ಅಂತಾನ ನೋಡು!"

"ಒಂದು ಕೈ ಕೊಟ್ಟೆ," ಎಂದ ಅಪ್ಪ. ದನಿ ಏರಿಸಲಿಲ್ಲ. "ಆತು, ಎರಡನೇದೂ ಕೊಟ್ಟೆ. ಕುತಗಿ ಕೊಡಂಗಿಲ್ಲ."

ನಾನು ಬಳ್ಳಾರಿಗೆ ಹೋಗುವ ರೈಲುಗಳ ಹೊತ್ತು ಬರೆದುಕೊಟ್ಟೆ. ಡಾಕ್ಟರಿಗೆ ಫೋನು ಹಚ್ಚಿ ಅವನ ಕಿವಿಗೆ ಹಿಡಿದೆ. ಅವನು "ಹೂಂ ಸರ್, ಹೂಂ ಸರ್" ಎಂದು ಕೇಳಿ ಫೋನು ವಾಪಸು ಕೊಟ್ಟ. ಗುರುವಾರ ಆಟೊ ಬಂದು ಬಾಗಿಲಲ್ಲಿ ನಿಂತಿತು, ಖಾಲಿ ಹೋಯಿತು. ಸೋಮವಾರ ಆಟೊ ಕರೆಯಲಿಲ್ಲ.

ಆ ಸೋಮವಾರ ಮಧ್ಯಾಹ್ನ ಅವನು ನೀರು ಕೇಳಿದ. ಲೋಟದಲ್ಲಿ ಅಲ್ಲ, ಚೊಂಬಿನಲ್ಲಿ. ಅವ್ವ ಅವನನ್ನೂ ನನ್ನನ್ನೂ ನೋಡಿ, ಒಳಗೆ ಹೋಗಿ, ಮಡಕೆಯ ತಣ್ಣನೆಯ ನೀರು ಚೊಂಬಿನ ತುಂಬ ತಂದಳು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ನೀರು ಗಂಟಲಲ್ಲಿ ಇಳಿಯುವ ಸದ್ದು ಹೊರಗಿನ ಕಟ್ಟೆಯವರೆಗೂ ಕೇಳಿಸಿರಬೇಕು. ಕೊನೆಗೆ ಚೊಂಬನ್ನು ತಲೆಕೆಳಗು ಮಾಡಿ ತೋರಿಸಿದ, ಊಟ ಮುಗಿಸಿದ ಮಗುವಿನ ಹಾಗೆ. ನಾನು ರೂಢಿಯಂತೆ ಡೈರಿ ತೆಗೆದೆ.

"ಅದನ್ನ ಬರೀಬ್ಯಾಡ," ಎಂದಳು ಅವ್ವ.

ಬರೆಯಲಿಲ್ಲ. ಅಂದಿನಿಂದ ಅವನ ನೀರಿನ ಲೆಕ್ಕ ಇಲ್ಲ. ಉಸಿರು ಮೊದಲು ಮೆಟ್ಟಿಲಿನ ಹತ್ತಿರ ಕಟ್ಟುತ್ತಿತ್ತು, ಆಮೇಲೆ ಹಾಸಿಗೆಯಲ್ಲೇ. ಮಲಗಲಾರದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದ. ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ, ಆ ಸದ್ದಿನ ನಡುವೆ, ನಮಗೆ ತಿಳಿಯದ ಹಾಗೆ ಹೋದ. ಹೊರಗೆ ಖಾನಾವಳಿಯ ಹುಡುಗ ರೊಟ್ಟಿಗೆ ಬಂದು ಕೂಗುತ್ತಿದ್ದ.

ಮಣ್ಣು ಮಾಡುವುದು ಮುಗಿದು, ಬಂದವರೆಲ್ಲ ಹೋದ ಮೇಲೆ, ನಿಂತುಹೋಗಿದ್ದ ಆ ಹಾಳೆಯ ನೆನಪಾಯಿತು. ಫೈಲು ಸಿದ್ಧವೇ ಇತ್ತು. ಬಿಡಬೇಕು ಎನ್ನಿಸಿತು. ವಾರ್ಡಿನಲ್ಲಿ ಉಳಿದವರು ಏನು ತಪ್ಪು ಮಾಡಿದ್ದಾರೆ ಎಂದೂ ಎನ್ನಿಸಿತು. ಪೆನ್ ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ಅಣ್ಣನಿಗೆ ಸುದ್ದಿ ಗೊತ್ತಿರಲಿಲ್ಲ. ಹಳದಿ ಹಾಳೆ ತುಂಬುತ್ತಾ, "ಒಂದು ಉಲ್ಟಾ ಕಾಪಿ, ಅಲ್ಲೇನ್ ತಂಗಿ?" ಎಂದು ಕೇಳಿ, ನಾನು ಉತ್ತರ ಹೇಳುವ ಮೊದಲೇ ತೆಗೆದುಬಿಟ್ಟ. ನಾನೂ ಸುಮ್ಮನೆ ಮಡಚಿಕೊಂಡೆ, ಎಲ್ಲದರ ಜೊತೆ.

ವಾರ್ಡಿನಲ್ಲಿ ಅಪ್ಪನ ಹಾಸಿಗೆಯಲ್ಲಿ ದೋಣಿಮಲೈ ಕಡೆಯವರೊಬ್ಬರು ಮಲಗಿದ್ದರು. ಅವರಿಗೂ ಸೂಜಿ ಎಡಗೈಗೇ. ಎಲ್ಲರಿಗೂ ಕೊಟ್ಟು ಮಿಲ್ಲಿನವ್ವನ ಹತ್ತಿರ ಬಂದೆ. ಅವರು ಬಲಗೈಯಲ್ಲಿ ತೆಗೆದುಕೊಂಡು ಸೀದಾ ಕೊನೆಯ ಪುಟಕ್ಕೆ ಹೋದರು. ಓದಿ ಮುಗಿಸಲು ಎಷ್ಟು ಹೊತ್ತು ಬೇಕು? ಆದರೂ ಬಹಳ ಹೊತ್ತು ಆ ಪುಟವನ್ನೇ ಹಿಡಿದಿದ್ದರು.

"ಅಳಿಯನ ತಿರುವಾದ ಮ್ಯಾಲೆ ಸೀದಾ ಹೊಸಪೇಟಿ?" ಎಂದರು. "ನಾ ಆ ದಾರ್ಯಾ‌ಗ ಹೋಗೀನಿ. ನಡುವಿನ ತಿರುವೆಲ್ಲಾ ಎಲ್ಲಿ ಹೋದವು?"

ಅವರು ಕತ್ತು ಹೊರಳಿಸಿ ಪಕ್ಕದ ಹಾಸಿಗೆ ನೋಡಿದರು, ಆಮೇಲೆ ನನ್ನನ್ನು.

"ಡ್ರೈವರಪ್ಪ ಬರಲಿಲ್ಲೇನು?"

"ಇಲ್ರಿ."

ಎರಡನೆಯ ಸಲ ಕೇಳಲಿಲ್ಲ. ಮಷಿನ್ನುಗಳು ತಿರುಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಯಲ್ಲಿ ಉಳಿದ ಒಂದು ಹಾಳೆ ಅವರ ಕಣ್ಣಿಗೆ ಬಿತ್ತು.

"ಅದು ಅವ್ರದೇನು? ಇಲ್ಲಿ ಕೊಡು."

ಕೊಟ್ಟೆ. ಅವರು ಬಲಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಎತ್ತಲು ನೋಡಿದರು. ಸಿಕ್ಕಿದ್ದು ಬೆನ್ನು. ಇನ್ನೊಮ್ಮೆ ನೋಡಿದರು. ತೆರೆಯಲಿಲ್ಲ.

"ತೆಗೆದು ಕೊಡ್ಲೇನ್ರಿ?"

"ಬ್ಯಾಡಬೇ. ಮುಚ್ಚಿದ್ದ ಇರ್ಲಿ."

ಹಳದಿ ಹಾಳೆಯನ್ನು ಎದೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಅಂಗೈ ಊರಿ, ಮಾಡು ನೋಡುತ್ತಾ ಮಲಗಿದರು. ಅವರಿಗೆ ಇನ್ನೂ ಮೂರು ತಾಸು ಇತ್ತು.